ಸುಮೋ ಕಣದಲ್ಲಿ ಪರದೇಶಿ

1972ರ ಜುಲೈ ತಿಂಗಳಲ್ಲಿ ನಾಗೋಯಾ ನಗರದ ಸುಮೋ ಕಣದ ಮೇಲೆ ಒಂದು ಇಂಗ್ಲಿಷ್ ಪತ್ರವನ್ನು ಓದಲಾಯಿತು. ಬರೆದವರು ಅಮೆರಿಕದ ಅಧ್ಯಕ್ಷ ನಿಕ್ಸನ್. ಓದಿದವರು ಅವರ ರಾಯಭಾರಿ. ಕೇಳುತ್ತ ನಿಂತಿದ್ದವರು ಹವಾಯಿಯ ಮಾವಿ ದ್ವೀಪದಲ್ಲಿ ಹುಟ್ಟಿದ ಜೆಸ್ಸಿ ಕುಹಾಉಲುವಾ. ಜಪಾನೀಯರಿಗೆ ಅವರು ಟಕಾಮಿಯಾಮ. 15 ದಿನಗಳ ಪಂದ್ಯಾವಳಿಯಲ್ಲಿ 13 ಕಾಳಗ ಗೆದ್ದು, ಮೇಲ್ದರ್ಜೆಯ ಪಾರಿತೋಷಕ ಪಡೆದ ಮೊದಲ ಪರದೇಶಿ.

ಗೆಲುವಿನ ಕಥೆ ಎಲ್ಲರಿಗೂ ಪ್ರಿಯ. ನನ್ನ ಮನಸ್ಸು ಮಾತ್ರ ಅದರ ಹಿಂದಿನ ಎಂಟು ವರ್ಷಗಳತ್ತ ಹೋಗುತ್ತದೆ. 1964ರ ಫೆಬ್ರವರಿಯ ಚಳಿಯಲ್ಲಿ, ಭಾಷೆ ಬಾರದ 19ರ ಹುಡುಗನೊಬ್ಬ ಟೋಕಿಯೋದ ಟಕಾಸಾಗೊ ಗರಡಿಯನ್ನು ಸೇರಿದ. ಜಪಾನೀಯರು ಅದನ್ನು 'ಹೆಯ', ಎಂದರೆ ಕೋಣೆ, ಎನ್ನುತ್ತಾರೆ. ಗರಡಿಯೆಂದರೆ ಹೆಚ್ಚು ತಪ್ಪಾಗದು. ಆದರೆ ನಮ್ಮೂರ ಪೈಲ್ವಾನರು ಸಾಧನೆ ಮುಗಿಸಿ ಮನೆಗೆ ಹೋಗುತ್ತಾರೆ. ಅಲ್ಲಿ ಗರಡಿಯೇ ಮನೆ. ಬೆಳಗಿನ ಸಾಧನೆ ಬರಿಹೊಟ್ಟೆಯಲ್ಲಿ. ಎಳೆಯರು ಕಸ ಗುಡಿಸಬೇಕು, ಅಡಿಗೆ ಮಾಡಬೇಕು, ಹಿರಿಯರ ಬೆನ್ನುಜ್ಜಬೇಕು. ಮೀನು, ಮಾಂಸ, ತರಕಾರಿಗಳನ್ನು ಒಟ್ಟಿಗೆ ಬೇಯಿಸಿದ 'ಚಂಕೊ' ಅವರ ಪಾಲಿಗೆ ಬರುವುದು ಹಿರಿಯರೆಲ್ಲ ಉಂಡೆದ್ದ ಮೇಲೆ. ರಾತ್ರಿ ಒಂದೇ ಹಜಾರದಲ್ಲಿ ಸಾಲು ಹಾಸಿಗೆ. ಪರದೇಶಿಯೆಂದು ಯಾವ ರಿಯಾಯಿತಿಯೂ ಇಲ್ಲ. ನನಗೆ ಕಾಣುವಂತೆ ಅದೇ ಆ ಹುಡುಗನಿಗೆ ಸಂದ ಮೊದಲ ಗೌರವ. ಅಭ್ಯಾಸದಲ್ಲಿ ಗಂಟಲಿಗೆ ಬಿದ್ದ ಪೆಟ್ಟಿನಿಂದ ದನಿ ಗೊಗ್ಗರಾಯಿತು, ಹಾಗೆಯೇ ಉಳಿಯಿತು. ಜನ ಆ ದನಿಯನ್ನೂ ಮೆಚ್ಚಿದರು. ದೂರದರ್ಶನದ ಜಾಹೀರಾತಿನಲ್ಲಿ ಅವರಿಂದ ಹಾಸಿಗೆ ಮಾರಿಸಿದರು!

ಆದರೆ ಪ್ರೀತಿ ಬೇರೆ, ಪಂಕ್ತಿ ಬೇರೆ. ಕಣ ಬಿಟ್ಟ ಜಟ್ಟಿಯು ಸುಮೋ ಸಂಘದಲ್ಲಿ ಉಳಿದು ಶಿಷ್ಯರನ್ನು ತಯಾರಿಸಬೇಕಾದರೆ 'ತೊಶಿಯೋರಿ', ಅಂದರೆ ಹಿರಿಯ, ಎನಿಸಿಕೊಳ್ಳಬೇಕು. ಆ ಸ್ಥಾನ ಜಪಾನಿನ ಪ್ರಜೆಗಳಿಗೆ ಮಾತ್ರವೆಂದು 1976ರಲ್ಲಿ ಸಂಘ ಕಟ್ಟಳೆ ಮಾಡಿತು. ಪಾರಿತೋಷಕ ಕೊಟ್ಟ ಕೈಯೇ ಬಾಗಿಲನ್ನೂ ಮುಚ್ಚಿತು. ನಾಲ್ಕು ವರ್ಷಗಳ ಮೇಲೆ, 1980ರಲ್ಲಿ, ಟಕಾಮಿಯಾಮ ಜಪಾನಿನ ಪೌರತ್ವ ಪಡೆದು, ಹೆಂಡತಿಯ ಮನೆತನದ ಹೆಸರು ಹಿಡಿದು, ವತನಾಬೆ ದೈಗೊರೋ ಆದರು. ಇದನ್ನು ಶರಣಾಗತಿ ಎನ್ನುವವರಿರಬಹುದು; ನಾನು ಹಾಗೆನ್ನಲಾರೆ. ಕಲಿತ ವಿದ್ಯೆಯನ್ನು ಕಲಿಸುವ ಹಕ್ಕಿಗೆ ಅವರು ತೆತ್ತ ಬೆಲೆ ಅದು.

1984ರಲ್ಲಿ ಕಣದಿಂದ ಇಳಿದರು. 1986ರಲ್ಲಿ ಅಝುಮಝೆಕಿ ಎಂಬ ಸ್ವಂತ ಗರಡಿಯನ್ನು ತೆರೆದರು. ಅಲ್ಲಿಗೆ ಹವಾಯಿಯಿಂದಲೇ ಬಂದ ಚಾಡ್ ರೋವನ್, ಅಕೆಬೊನೊ ಎಂಬ ಹೆಸರಿನಿಂದ, 1993ರ ಜನವರಿಯಲ್ಲಿ 'ಯೊಕೊಝುನ' ಎಂಬ ಅತ್ಯುನ್ನತ ಪದವಿಗೇರಿದ ಮೊದಲ ವಿದೇಶೀಯನಾದ. ಗುರುಗಳು ಏರಿದ್ದು ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನ 'ಸೆಕಿವಾಕೆ'ಯವರೆಗೆ.