ಗೋದಲಿ: ಒಂದು ಧ್ಯಾನದ ಇತಿಹಾಸ

ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಗೋದಲಿಯ ಹೆಸರು ಮೂರು ಬಾರಿ ಬರುತ್ತದೆ. ಆದರೆ ಕ್ರಿಸ್ತಜಯಂತಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವ ಎತ್ತಾಗಲಿ, ಕತ್ತೆಯಾಗಲಿ, ಗುಹೆಯಾಗಲಿ, ಹುಲ್ಲಿನ ಮಾಡಾಗಲಿ ಅಲ್ಲೆಲ್ಲಿಯೂ ಕಾಣಸಿಗುವುದಿಲ್ಲ. ಇವೆಲ್ಲವೂ ಆ ಮಿತವಾದ ವಾಕ್ಯಗಳಿಗೆ ಭಕ್ತರು ಶತಮಾನಗಳುದ್ದಕ್ಕೂ ಬರೆದ ಭಾಷ್ಯ; ಆದುದರಿಂದ ಈ ದೃಶ್ಯವನ್ನು ನಡೆದುದರ ಚಿತ್ರವೆಂದು ನೋಡುವುದಕ್ಕಿಂತ ನಂಬಿದುದರ ವ್ಯಾಖ್ಯಾನವೆಂದು ಓದುವುದೇ ಯುಕ್ತವೆಂದು ನನ್ನ ಭಾವನೆ.

ಮೊದಲು ಬಂದುದು ಸ್ಥಳ. ಬೆತ್ಲೆಹೇಮಿನ ಬಳಿಯ ಗುಹೆಯನ್ನು ಎರಡನೆಯ ಶತಮಾನದಲ್ಲಿಯೇ ಜಸ್ಟಿನನು ಉಲ್ಲೇಖಿಸಿದನು. ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನನ ಆಶ್ರಯದಲ್ಲಿ ಅದರ ಮೇಲೆ ದೇವಾಲಯವೆದ್ದಿತು. 386ರಿಂದ ಅಲ್ಲಿಯೇ ನೆಲೆಸಿದ ಸಂತ ಜೆರೋಮನು, ಗೌರವಾರ್ಥವಾಗಿ ಮಣ್ಣಿನ ಗೋದಲಿಯನ್ನು ತೆಗೆದು ಬೆಳ್ಳಿಯದನ್ನು ಇರಿಸಿದುದಕ್ಕೆ ಮನನೊಂದು, ತೆಗೆದುಹಾಕಿದ ಆ ಮಣ್ಣೇ ತನಗೆ ಹೆಚ್ಚು ಬೆಲೆಯುಳ್ಳದ್ದೆಂದು ಉಪದೇಶಿಸಿದನು.

ಅದೇ ಕಾಲದ ಒಂದು ಶಿಲ್ಪ ಮಿಲಾನಿನ ಸಂತ ಅಂಬ್ರೋಸರ ದೇವಾಲಯದಲ್ಲಿದೆ. ಶಿಲಾಶವಪೇಟಿಕೆಯೊಂದರ ಮುಚ್ಚಳದ ಮೇಲೆ ಬಟ್ಟೆ ಸುತ್ತಿದ ಶಿಶು ಮಲಗಿದೆ; ಪಕ್ಕದಲ್ಲಿ ಎತ್ತು ಮತ್ತು ಕತ್ತೆ; ಮರಿಯಳಿಲ್ಲ, ಜೋಸೆಫನೂ ಇಲ್ಲ. ತಂದೆತಾಯಿಗಳಿಗೆ ದೊರೆಯದ ಸ್ಥಾನ ಪಶುಗಳಿಗೆ ದೊರೆತುದೇಕೆಂದರೆ, ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಯಜಮಾನನ ಗೋದಲಿಯನ್ನೂ ಅರಿತಿರುವಾಗ ಜನರು ಮಾತ್ರ ಅರಿಯದೆ ಹೋದರೆಂದು ಪ್ರವಾದಿ ಯೆಶಾಯನು ಮರುಗಿದ್ದನು. ಪ್ರಾಚೀನ ಸಭಾಪಿತೃಗಳು ಎತ್ತಿನಲ್ಲಿ ಯೆಹೂದ್ಯರನ್ನೂ ಕತ್ತೆಯಲ್ಲಿ ಅನ್ಯಜನಾಂಗಗಳನ್ನೂ ಕಂಡು, ಇಬ್ಬರೂ ಒಂದೇ ಗೋದಲಿಯಿಂದ ಉಣ್ಣುವರೆಂದು ಅರ್ಥವಿಸಿದರು. ಮೇವಿನ ತೊಟ್ಟಿಯಲ್ಲಿ ಮಲಗಿದವನು ಸ್ವತಃ ಆಹಾರವೆಂಬ ಭಾವವನ್ನು ಅಗಸ್ಟೀನನು ಬೆಳೆಸಿದನು. ಪೂರ್ವ ಸಭೆಯ ಪ್ರತಿಮಾಚಿತ್ರಕಾರರು ಇನ್ನೂ ಮುಂದೆ ಹೋಗಿ, ಗುಹೆಗೆ ಸಮಾಧಿಯ ಕತ್ತಲೆಯನ್ನೂ ಶಿಶುವಿನ ಬಟ್ಟೆಗೆ ಶವವಸ್ತ್ರದ ರೂಪವನ್ನೂ ಕೊಟ್ಟರು. ಜನನದಲ್ಲಿಯೇ ಬಲಿ ಗೋಚರಿಸಿತು.

ಈ ಧಾರೆಗಳೆಲ್ಲ ಸಂಗಮಿಸಿದುದು ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ, 1223ರಲ್ಲಿ. ಹಬ್ಬಕ್ಕೆ ಸುಮಾರು ಹದಿನೈದು ದಿನ ಮುಂಚೆ ಅಸ್ಸಿಸಿಯ ಫ್ರಾನ್ಸಿಸನು ಜೊವಾನ್ನಿ ಎಂಬ ಸ್ಥಳೀಯ ಗಣ್ಯನಿಗೆ ಹೇಳಿಕಳುಹಿಸಿ, ಶಿಶುವು ಅನುಭವಿಸಿದ ಕೊರತೆಯನ್ನು ತನ್ನ ಚರ್ಮಚಕ್ಷುಗಳಿಂದಲೇ ಕಾಣಬೇಕೆಂಬ ಹಂಬಲವನ್ನು ತಿಳಿಸಿದನು. ಹುಲ್ಲು ಬಂದಿತು, ಎತ್ತು ಕತ್ತೆಗಳು ಬಂದುವು, ಊರಜನ ಪಂಜು ಹಿಡಿದು ಬಂದರು; ಆದರೆ ಯಾವ ಬೊಂಬೆಯನ್ನೂ ಇರಿಸಿದಂತೆ ತೋರುವುದಿಲ್ಲ. ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಫ್ರಾನ್ಸಿಸನು ಉಪಯಾಜಕನಾಗಿ ಶುಭಸಂದೇಶವನ್ನು ಹಾಡಿದನು. ಕೆಲವೇ ವರ್ಷಗಳಲ್ಲಿ ಅವನ ಚರಿತ್ರೆಯನ್ನು ಬರೆದ ಚೆಲಾನೋದ ಥಾಮಸನು, ಮುಂದೆ ಅಲ್ಲಿ ಬಲಿಪೀಠವೊಂದು ನಿಂತು, ಪಶುಗಳು ಹುಲ್ಲು ಮೆಂದ ಎಡೆಯಲ್ಲಿಯೇ ಮನುಷ್ಯರು ಪರಮಪ್ರಸಾದವನ್ನು ಸ್ವೀಕರಿಸುವಂತಾಯಿತೆಂದು ಹೇಳುತ್ತಾನೆ. ಗೋದಲಿಯ ಅರ್ಥ ಇಷ್ಟು ಸರಳವಾಗಿ, ಇಷ್ಟು ಆಳವಾಗಿ ಮತ್ತೆಲ್ಲಿಯೂ ಪ್ರಕಟವಾಗಲಿಲ್ಲವೆಂದೇ ನಾನು ತಿಳಿದಿದ್ದೇನೆ.

ಅನಂತರದ ಕಥೆ ಶಿಲ್ಪಿಗಳದು, ಕುಶಲಕರ್ಮಿಗಳದು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಅರ್ನೋಲ್ಫೊ ದಿ ಕಾಂಬಿಯೊ ರೋಮಿನ ಸಾಂತಾ ಮರಿಯಾ ಮಜ್ಜೋರೆಗಾಗಿ ಅಮೃತಶಿಲೆಯ ಮೂರ್ತಿಗಳನ್ನು ಕೆತ್ತಿದನು. ಹದಿನೆಂಟನೆಯ ಶತಮಾನದ ನೇಪಲ್ಸಿನಲ್ಲಿ ಹಣ್ಣು ಮಾರುವವರೂ ಹೋಟೆಲಿನವರೂ ಶಿಶುವನ್ನು ಸುತ್ತುಗಟ್ಟಿದರು. ಆ ಸಂತೆಯಲ್ಲಿ ಶಿಶುವೇ ಮರೆಯಾಯಿತೆಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ದೇವರು ಮನುಷ್ಯನಾದನೆಂದು ನಂಬುವವನು ಅವನನ್ನು ತನ್ನ ಬೀದಿಯಿಂದ ಹೊರಗಿರಿಸಲಾರ. ಫ್ರಾನ್ಸಿನ ಕ್ರಾಂತಿಕಾಲದಲ್ಲಿ ಚರ್ಚುಗಳು ಮುಚ್ಚಿದಾಗ ಪ್ರೊವಾನ್ಸಿನ ಮನೆಗಳು ಪುಟ್ಟ ಮಣ್ಣಿನ ಬೊಂಬೆಗಳಿಂದ ಈ ಭಕ್ತಿಯನ್ನು ಉಳಿಸಿಕೊಂಡುವು. ನಮ್ಮ ಕರಾವಳಿಯ ಕ್ರೈಸ್ತ ಗೃಹಗಳಲ್ಲಿಯೂ ಡಿಸೆಂಬರಿನಲ್ಲಿ ಗೋದಲಿಯನ್ನು ಕಟ್ಟುತ್ತಾರೆ. ಜಗದ್ಗುರು ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಗ್ರೆಚ್ಚೊದಲ್ಲಿಯೇ ಸಹಿಮಾಡಿದ ಪತ್ರದಲ್ಲಿ, ಮನೆಗಳಲ್ಲಿ ಮಾತ್ರವಲ್ಲದೆ ಆಸ್ಪತ್ರೆ, ಸೆರೆಮನೆಗಳಲ್ಲಿಯೂ ಗೋದಲಿಯನ್ನು ಕಟ್ಟುವ ರೂಢಿಯನ್ನು ಪ್ರೋತ್ಸಾಹಿಸಿದರು. ಮಣ್ಣಿನ ತೊಟ್ಟಿಗಾಗಿ ಮರುಗಿದ ಜೆರೋಮನಿಗೂ ಆ ಸ್ಥಳಗಳು ಒಪ್ಪಿಗೆಯಾಗುತ್ತಿದ್ದುವು.