ಎರಡನೇ ಕಣ್ಣು: ಮಲೇರಿಯಾ ಗಾಜಿನಿಂದ ಶುಗರ್ ಚೀಟಿವರೆಗೆ

ಹೆಡತಲೆಯ ನಮ್ಮ ದೊಡ್ಡವ್ವನಿಗೆ ಹನ್ನೊಂದು ವರ್ಷದಿಂದ ಶುಗರ್. ಕಳೆದ ವರ್ಷ ಒಂದು ದಿನ ಫೋನ್ ಮಾಡಿ, "ಶುಗರ್ ಇಳಿದದ ಕಣ ಮಗ, ಮಾತ್ರೆ ಅರ್ಧ ಮಾಡವ್ರೆ ಡಾಕ್ಟ್ರು" ಅಂದಳು. ಚೀಟಿಯಲ್ಲಿ ಬರಿಹೊಟ್ಟೆ ಸಕ್ಕರೆ 122 ಎಂದಿತ್ತು. ನಮಗೂ ಖುಷಿ. ಒಂದೂವರೆ ತಿಂಗಳಾದ ಮೇಲೆ ಕಾಲಿನ ಹೆಬ್ಬೆರಳ ಗಾಯ ಮಾಯಲಿಲ್ಲ ಅಂತ ಮೈಸೂರಿಗೆ ಕರೆದುಕೊಂಡು ಹೋದೆವು. ಅಲ್ಲಿ ಬರಿಹೊಟ್ಟೆ 171. ಎರಡು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 8.6.

ಎರಡು ಚೀಟಿಯೂ ಒಂದೇ ದಿನದ್ದಲ್ಲ, ನಡುವೆ ಮಾತ್ರೆಯೂ ಅರ್ಧವಾಗಿತ್ತು. ಹಾಗಾಗಿ ಮೊದಲ ಚೀಟಿ ತಪ್ಪೇ ಎಂದು ಖಚಿತವಾಗಿ ಹೇಳಲಾರೆ. ಆದರೆ ಆ ರಕ್ತ ಪ್ರಯಾಣ ಮಾಡಿದ ರೀತಿ ಕೇಳಿ. ಬೆಳಗ್ಗೆ ಏಳಕ್ಕೆ ಮನೆ ಬಾಗಿಲಿಗೆ ಬಂದ ಹುಡುಗ ರಕ್ತ ತೆಗೆದುಕೊಂಡ. ಆಮೇಲೆ ಮೂರ್ನಾಲ್ಕು ಊರು ಸುತ್ತಿ ಬೈಕಿನಲ್ಲಿ ಪೇಟೆಯ ಲ್ಯಾಬ್ ಮುಟ್ಟುವಾಗ ಹನ್ನೊಂದು ದಾಟಿತ್ತು. ದೊಡ್ಡವ್ವನ ಮೊಮ್ಮಗಳು ಅವತ್ತು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದ ಫೋಟೊದಲ್ಲಿ ಟ್ಯೂಬಿನ ಮುಚ್ಚಳ ಕೆಂಪು.

ರಕ್ತ ಮೈಯಿಂದ ಹೊರಬಂದ ಮೇಲೂ ಅದರೊಳಗಿನ ಕಣಗಳು ಬದುಕಿರುತ್ತವೆ. ಟ್ಯೂಬಿನಲ್ಲಿರುವ ಸಕ್ಕರೆಯನ್ನೇ ತಿನ್ನುತ್ತವೆ. ಹಾಗೇ ಇಟ್ಟರೆ ಗಂಟೆಗೆ ಸುಮಾರು ನೂರಕ್ಕೆ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಬಿಸಿಲಿಗೆ ಇನ್ನೂ ಬೇಗ. ಅದನ್ನು ತಡೆಯಲೆಂದೇ ಬೂದು ಮುಚ್ಚಳದ ಟ್ಯೂಬಿನಲ್ಲಿ ಫ್ಲೋರೈಡ್ ಹಾಕಿರುತ್ತಾರೆ. ಏಳು ಗಂಟೆಗೆ 160 ಇದ್ದ ಸಕ್ಕರೆ ಬೇರೆ ಟ್ಯೂಬಿನಲ್ಲಿ ಹನ್ನೊಂದಕ್ಕೆ 125ರ ಹತ್ತಿರ ಬಂದು ನಿಲ್ಲಬಹುದು. ಯಂತ್ರ ತನ್ನ ಮುಂದೆ ಇಟ್ಟದ್ದನ್ನು ಸರಿಯಾಗಿಯೇ ಅಳೆದಿರುತ್ತದೆ. ಚೀಟಿ ಮಾತ್ರ ದೊಡ್ಡವ್ವನ ಮೈಯಲ್ಲಿದ್ದ ಸಕ್ಕರೆಯದ್ದಾಗಿರುವುದಿಲ್ಲ.

ಚೀಟಿ ಮೇಲಿನ ಸಂಖ್ಯೆ ಸರಿಯಿದೆಯೇ ಎಂದು ಯಾರು ನೋಡುತ್ತಾರೆ? ಈ ಪ್ರಶ್ನೆ ಹಿಡಿದು ಹೊರಟರೆ ಹಳೇ ಮನೆಗಳ ಗೋಡೆಗೇ ಬಂದು ನಿಲ್ಲುತ್ತೇವೆ. ಬಾಗಿಲ ಪಕ್ಕ ಅಚ್ಚು ಒತ್ತಿ ಬರೆದ ಒಂದು ಚೌಕ, ಅದರೊಳಗೆ ಸಾಲು ಸಾಲು ತಾರೀಖು. ಅರುವತ್ತು ದಾಟಿದವರನ್ನು ಕೇಳಿ, "ಮಲೇರಿಯಾದವರು ಬರೆದು ಹೋಗೋರು" ಅನ್ನುತ್ತಾರೆ.

ನಮ್ಮ ಸೀಮೆಗೆ ಚಳಿಜ್ವರ ಹೊಸತಲ್ಲ. ಕಾಲುವೆ, ಗದ್ದೆ, ನಿಂತ ನೀರು ಇರುವ ಕಡೆಯೆಲ್ಲ ಅದಿತ್ತು. 1920ರ ದಶಕದ ಕೊನೆಗೆ ಮೈಸೂರು ಸಂಸ್ಥಾನಕ್ಕೆ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ನಿನ ಡಾ. ಸ್ವೀಟ್ ಬಂದರು. ಅವರೂ ಡಾ. ಬಿ. ಎ. ರಾವ್ ಅವರೂ ಮೂಡಿಗೆರೆ, ನಾಗೇನಹಳ್ಳಿ ಮುಂತಾದ ಕಡೆ ಮಲೇರಿಯಾ ಅಧ್ಯಯನ ಮಾಡಿದರು. ಆಗ ಊರಿನಲ್ಲಿ ಮಲೇರಿಯಾ ಎಷ್ಟಿದೆ ಎಂದು ತಿಳಿಯಲು ಶಾಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಎಡ ಪಕ್ಕೆಯ ಕೆಳಗೆ ಕೈಯಾಡಿಸಿ ನೋಡುತ್ತಿದ್ದರು. ನಮ್ಮವರು ಜ್ವರಗಡ್ಡೆ ಅನ್ನುವುದು ಅದನ್ನೇ, ಊದಿದ ಗುಲ್ಮ. ಆದರೆ ಒಬ್ಬ ಡಾಕ್ಟರ ಕೈಗೆ ಸಿಕ್ಕಿದ ಗಡ್ಡೆ ಇನ್ನೊಬ್ಬರ ಕೈಗೆ ಸಿಗದೇ ಇರಬಹುದು. ಮಗು ಮನೆಗೆ ಹೋದ ಮೇಲೆ ಮತ್ತೆ ನೋಡಲು ಏನೂ ಉಳಿಯುವುದಿಲ್ಲ. ಗಾಜಿನ ಮೇಲೆ ಸವರಿದ ರಕ್ತ ಹಾಗಲ್ಲ, ಅದು ಉಳಿಯುತ್ತದೆ. ಇನ್ನೊಬ್ಬರು ನೋಡಬಹುದು, ತಿಂಗಳಾದ ಮೇಲೂ ನೋಡಬಹುದು.

ಈ ಅನುಕೂಲವನ್ನು ದೇಶದ ಅಳತೆಯಲ್ಲಿ ಬಳಸಿದ್ದು ಮಲೇರಿಯಾ ನಿರ್ಮೂಲನ ಕಾರ್ಯಕ್ರಮ. 1953ರಲ್ಲಿ ನಿಯಂತ್ರಣ ಎಂದು ಶುರುವಾದದ್ದು 1958ರಲ್ಲಿ ನಿರ್ಮೂಲನ ಎಂದಾಯಿತು. ಡಿಡಿಟಿ ಹೊಡೆದದ್ದು ಎಲ್ಲರಿಗೂ ನೆನಪಿದೆ. ಗಾಜಿನ ಕೆಲಸ ಅಷ್ಟು ನೆನಪಿಲ್ಲ. ಕಾರ್ಯಕರ್ತ ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು ಜ್ವರ ಬಂದಿತ್ತಾ ಎಂದು ಕೇಳುತ್ತಿದ್ದ. ಬಂದಿದ್ದರೆ ಬೆರಳು ಚುಚ್ಚಿ ಗಾಜಿಗೆ ರಕ್ತ ಸವರಿ, ಕ್ಲೋರೋಕ್ವಿನ್ ಮಾತ್ರೆ ಕೊಟ್ಟು, ಗೋಡೆಯ ಚೌಕದಲ್ಲಿ ತಾರೀಖು ಬರೆದು ಮುಂದಿನ ಮನೆಗೆ ಹೋಗುತ್ತಿದ್ದ. ಗಾಜು ಲ್ಯಾಬಿಗೆ ಹೋಗಿ ಬಣ್ಣ ಹಾಕಿಸಿಕೊಂಡು ಸೂಕ್ಷ್ಮದರ್ಶಕದ ಕೆಳಗೆ ಬರುತ್ತಿತ್ತು.

ನಿಯಮ ಅಲ್ಲಿಗೆ ಮುಗಿಯುತ್ತಿರಲಿಲ್ಲ. ರೋಗಾಣು ಇದೆ ಎಂದು ಬರೆದ ಎಲ್ಲ ಗಾಜು, ಇಲ್ಲ ಎಂದು ಬರೆದದ್ದರಲ್ಲಿ ನೂರಕ್ಕೆ ಹತ್ತು ಮೇಲಿನ ಲ್ಯಾಬಿಗೆ ಹೋಗಬೇಕು. ಅಲ್ಲಿ ಮತ್ತೊಬ್ಬರು ನೋಡಬೇಕು. ಲ್ಯಾಬಿನವನೂ ತಪ್ಪಬಹುದು ಎಂದು ಸರ್ಕಾರವೇ ಮೊದಲೇ ಒಪ್ಪಿಕೊಂಡು ಮಾಡಿದ ಏರ್ಪಾಡು ಇದು.

ಆದರೆ ಇದರಲ್ಲಿ ಎರಡು ತೂತಿತ್ತು. ಒಂದು, ತಡ. ಗಾಜು ರಾಶಿ ಬಿದ್ದು, ಫಲಿತಾಂಶ ವಾರಗಟ್ಟಲೆ ಬಿಟ್ಟು ಬಂದರೆ ಅಷ್ಟರಲ್ಲಿ ಸೊಳ್ಳೆ ತನ್ನ ಕೆಲಸ ಮುಗಿಸಿರುತ್ತದೆ. ಸರಿಯಾದ ಉತ್ತರವೂ ತಡವಾದರೆ ತಪ್ಪು ಉತ್ತರದ ಕೆಲಸವನ್ನೇ ಮಾಡುತ್ತದೆ. 1960ರ ದಶಕದ ಮಧ್ಯದಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು ಒಂದು ಲಕ್ಷಕ್ಕೆ ಇಳಿದಿದ್ದ ಮಲೇರಿಯಾ 1976ರಲ್ಲಿ 64 ಲಕ್ಷ ದಾಟಿತು. ಡಿಡಿಟಿಗೆ ಬಗ್ಗದ ಸೊಳ್ಳೆ, ಔಷಧದ ಕೊರತೆ, ಸಿಬ್ಬಂದಿ ಕೊರತೆ ಹೀಗೆ ಕಾರಣ ಹಲವು. ಅವುಗಳಲ್ಲಿ ನೋಡದೇ ಉಳಿದ ಗಾಜಿನ ರಾಶಿಯೂ ಒಂದು.

ಎರಡನೇ ತೂತು ಸೂಕ್ಷ್ಮ. ಮರುಪರೀಕ್ಷೆ ಮಾಡುವವನಿಗೆ ಮೊದಲನೆಯವನು ಏನು ಬರೆದಿದ್ದಾನೆ ಎಂದು ಗೊತ್ತಿದ್ದರೆ? ಇದೆ ಎಂದು ಬರೆದ ಗಾಜಿನಲ್ಲಿ ಸಿಗುವವರೆಗೂ ಹುಡುಕುತ್ತಾನೆ. ಇಲ್ಲ ಎಂದು ಬರೆದದ್ದನ್ನು ನಾಲ್ಕು ಕಡೆ ನೋಡಿ ಕೈ ಬಿಡುತ್ತಾನೆ. ಸೋಮಾರಿ ಅಂತಲ್ಲ, ಮನುಷ್ಯನ ಕಣ್ಣೇ ಹಾಗೆ. ನಮ್ಮ ಡೈರಿಯನ್ನು ನೆನೆಯಿರಿ. ಸೊಸೈಟಿಯಲ್ಲಿ ಫ್ಯಾಟ್ ನೋಡಿದ ಹಾಲನ್ನು ಒಕ್ಕೂಟದವರು ಮತ್ತೆ ನೋಡುತ್ತಾರೆ. ಸೊಸೈಟಿಯ ಅಂಕಿ ನೋಡಿಕೊಂಡೇ ಒಕ್ಕೂಟದವರೂ ಬರೆದುಬಿಟ್ಟರೆ ಎರಡನೇ ಪರೀಕ್ಷೆ ಯಾಕೆ?

ಈ ತೂತು ಮುಚ್ಚಿದ ಕಥೆ ಕ್ಷಯದ್ದು. ಮೈಸೂರಿನವರಿಗೆ ಕ್ಷಯ ಅರಮನೆಯೊಳಗಿನ ದುಃಖವೂ ಹೌದು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಇದೇ ಕಾಯಿಲೆಗೆ ತೀರಿಕೊಂಡರು. ಕೆಆರ್‌ಎಸ್ ರಸ್ತೆಯ ಪಿಕೆಟಿಬಿ ಆಸ್ಪತ್ರೆ ಆ ರಾಜಕುಮಾರಿಯ ಹೆಸರಿನದು, 1921ರಷ್ಟು ಹಳೆಯದು. ಅರಮನೆಯವರಿಗೇ ಹಾಗಾದರೆ ಹಟ್ಟಿಯವರ ಲೆಕ್ಕ ಯಾರಿಟ್ಟರು?

ಲೆಕ್ಕ ಇಟ್ಟದ್ದು ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ. ಮೈಸೂರು ಅರಸರಿಗೆ ಸೇರಿದ್ದ ಬಳ್ಳಾರಿ ರಸ್ತೆಯ ಅವಲಾನ್ ಬಂಗಲೆಯಲ್ಲಿ ಅದು ಶುರುವಾಯಿತು. 1960ರ ಸೆಪ್ಟೆಂಬರಿನಲ್ಲಿ ನೆಹರೂ ಉದ್ಘಾಟಿಸಿದರು. ಸಂಸ್ಥೆಯವರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯದ ಸಮೀಕ್ಷೆ ಮಾಡಿದರು. ಅದರ ಬೆನ್ನಿಗೇ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ದೊಡ್ಡ ಹೆಸರು ಮಾಡಿತು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಕೆಮ್ಮಿದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತನ್ನು ಅದು ಸುಳ್ಳು ಮಾಡಿತು. ಕಫದಲ್ಲಿ ಕ್ಷಯದ ರೋಗಾಣು ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಆದರೆ ಕ್ಷಯ ಪತ್ತೆಯಾಗದೆ, ಕೆಮ್ಮಿನ ಔಷಧಿ ಹಿಡಿದುಕೊಂಡು ವಾಪಸ್ ಬರುತ್ತಿದ್ದರು. ಅವರು ಬಂದಿದ್ದರು, ನೋಡಬೇಕಾದವರು ನೋಡಿರಲಿಲ್ಲ. ಹಳ್ಳಿ ವರದಿಗಾರಿಕೆ ಮಾಡುವ ನನ್ನಂಥವರೆಲ್ಲ ಈ ಸಂಗತಿಯನ್ನು ನೆನಪಿಡಬೇಕು ಅನಿಸುತ್ತದೆ.

ಇದರಿಂದಾಗಿ ಎಕ್ಸ್‌ರೇಗಿಂತ ಕಫ ಪರೀಕ್ಷೆಗೇ ಒತ್ತು ಬಂತು. ಸೂಕ್ಷ್ಮದರ್ಶಕ ಒಂದಿದ್ದರೆ ಸಣ್ಣ ಆಸ್ಪತ್ರೆಯಲ್ಲೂ ಮಾಡಬಹುದು. ಎಕ್ಸ್‌ರೇ ಮೇಲಿನ ನಂಬಿಕೆಯೂ ಅಷ್ಟರಲ್ಲಿ ಅಲ್ಲಾಡಿತ್ತು. 1947ರಲ್ಲಿ ಅಮೆರಿಕದಲ್ಲಿ ಒಂದೇ ಎಕ್ಸ್‌ರೇ ರಾಶಿಯನ್ನು ಐವರು ತಜ್ಞರ ಮುಂದಿಟ್ಟು ನೋಡಿದ್ದರು. ಒಬ್ಬರಿಗೆ ಕಂಡ ಕ್ಷಯ ಇನ್ನೊಬ್ಬರಿಗೆ ಕಾಣಲಿಲ್ಲ. ಅದೇ ತಜ್ಞರಿಗೆ ಅದೇ ರಾಶಿಯನ್ನು ಮತ್ತೆ ಕೊಟ್ಟಾಗ ತಮ್ಮ ಹಿಂದಿನ ಉತ್ತರಕ್ಕೇ ಅವರು ಹಲವು ಕಡೆ ವಿರುದ್ಧವಾಗಿ ಹೇಳಿದರು.

ಅದೇ 1947ರಲ್ಲಿ ಇನ್ನೊಂದು ವರದಿ ಬಂತು. ಬೆಲ್ಕ್ ಮತ್ತು ಸಂಡರ್‌ಮನ್ ಎಂಬ ಇಬ್ಬರು ಅಮೆರಿಕದ ಪೆನ್ಸಿಲ್ವೇನಿಯಾದ 59 ಆಸ್ಪತ್ರೆ ಲ್ಯಾಬುಗಳಿಗೆ ಒಂದೇ ದ್ರವ ಕಳಿಸಿ, ಸಕ್ಕರೆ ಎಷ್ಟು, ಪ್ರೋಟೀನ್ ಎಷ್ಟು ಹೇಳಿ ಎಂದಿದ್ದರು. ಸರಿ ಉತ್ತರಕ್ಕಿಂತ ಒಪ್ಪಲಾಗದ ಉತ್ತರಗಳೇ ಹೆಚ್ಚು ಬಂದವು. ದುಡ್ಡಿರುವ ದೇಶದ ಒಳ್ಳೆಯ ಆಸ್ಪತ್ರೆಗಳ ಕಥೆ ಇದು. ನಾಚಿಕೆಯಿಂದ ಮುಚ್ಚಿಡದೆ ಪ್ರಕಟಿಸಿದ್ದು ದೊಡ್ಡದು. ಇವತ್ತು ಹೊರಗಿನಿಂದ ಬಂದ ಮಾದರಿಯನ್ನು ಲ್ಯಾಬುಗಳು ಪರೀಕ್ಷಿಸಿ ಉತ್ತರ ಕಳಿಸುವ ಪದ್ಧತಿ ಬೆಳೆದದ್ದು ಇಂಥ ಕೆಲಸದಿಂದಲೇ. ನಮ್ಮ ದೇಶದಲ್ಲಿ ವೆಲ್ಲೂರಿನ ಸಿಎಂಸಿ ಬಹಳ ಕಾಲದಿಂದ ಇದನ್ನು ನಡೆಸಿಕೊಂಡು ಬಂದಿದೆ.

ಪ್ರತಿದಿನದ ಕಾವಲಿಗೆ ದಾರಿ ಬಂದದ್ದು ಆಸ್ಪತ್ರೆಯಿಂದಲ್ಲ, ಟೆಲಿಫೋನ್ ಕಂಪನಿಯಿಂದ. ಬೆಲ್ ಕಂಪನಿಯ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಾರ್ಖಾನೆಯ ಮಾಲಿಗಾಗಿ ಒಂದು ನಕ್ಷೆ ಬರೆದರು. ನಡುವೆ ಒಂದು ಗೆರೆ, ಮೇಲೊಂದು, ಕೆಳಗೊಂದು. ಸ್ವಾತಂತ್ರ್ಯ ಬಂದ ಕೆಲವೇ ತಿಂಗಳಿಗೆ, 1947-48ರಲ್ಲಿ, ಮಹಲನೋಬಿಸರ ಕರೆಯ ಮೇಲೆ ಈ ಶೂಹಾರ್ಟ್ ಭಾರತಕ್ಕೂ ಬಂದು ಹೋಗಿದ್ದರು. 1950ರಲ್ಲಿ ಲೆವಿ ಮತ್ತು ಜೆನ್ನಿಂಗ್ಸ್ ಆ ನಕ್ಷೆಯನ್ನು ರಕ್ತ ಪರೀಕ್ಷೆಗೆ ತಂದರು. ಲ್ಯಾಬಿನಲ್ಲಿ ಬೆಳಗ್ಗೆ ರೋಗಿಗಳ ರಕ್ತಕ್ಕಿಂತ ಮೊದಲು, ಉತ್ತರ ಗೊತ್ತಿರುವ ಒಂದು ಮಾದರಿಯನ್ನು ಯಂತ್ರಕ್ಕೆ ಕೊಡಬೇಕು. ಅದಕ್ಕೆ ಕಂಟ್ರೋಲ್ ಅನ್ನುತ್ತಾರೆ. ಬಂದ ಅಂಕಿಯನ್ನು ನಕ್ಷೆಯಲ್ಲಿ ಚುಕ್ಕಿ ಇಡಬೇಕು. ಚುಕ್ಕಿ ಗೆರೆಯಾಚೆ ಹಾರಿದರೆ, ಇಲ್ಲವೇ ದಿನಾ ಒಂದೇ ಕಡೆಗೆ ಜಾರುತ್ತಿದ್ದರೆ, ಕಾರಣ ಸಿಗುವವರೆಗೆ ರೋಗಿಗಳ ಫಲಿತಾಂಶ ಹೊರಗೆ ಹೋಗಬಾರದು.

ಈಗ ಮತ್ತೆ ಕಫದ ಗಾಜಿಗೆ ಬರೋಣ. ಆ ಗಾಜಿನಲ್ಲಿ ತಪ್ಪು ಹುಟ್ಟುವ ಜಾಗ ಹತ್ತಾರು. ರೋಗಿ ಕಫದ ಬದಲು ಎಂಜಲು ಉಗುಳಿದರೆ ಇದ್ದ ಕ್ಷಯವೂ ಕಾಣುವುದಿಲ್ಲ. ಒಮ್ಮೆ ಬಳಸಿದ ಗಾಜು ಮತ್ತೆ ಬಳಸಿದರೆ ಇಲ್ಲದ ಕ್ಷಯ ಕಾಣುತ್ತದೆ. ನೂರು ಕಡೆ ನೋಡಬೇಕಾದವನು ಇಪ್ಪತ್ತು ಕಡೆ ನೋಡಿ ಇಲ್ಲ ಎಂದು ಬರೆಯಬಹುದು. 1997ರಲ್ಲಿ ಪರಿಷ್ಕೃತ ಕ್ಷಯ ಕಾರ್ಯಕ್ರಮ ಬಂದಾಗಲೂ ಮೊದಮೊದಲು ಮಲೇರಿಯಾದ ಹಳೇ ಲೆಕ್ಕವೇ ಇತ್ತು. ಇದೆ ಎಂದದ್ದೆಲ್ಲ, ಇಲ್ಲ ಎಂದದ್ದರಲ್ಲಿ ನೂರಕ್ಕೆ ಹತ್ತು, ಅದೂ ಮೊದಲ ಉತ್ತರ ಗೊತ್ತಿದ್ದೇ. 2005ರ ಸುಮಾರಿಗೆ ಅದು ಬದಲಾಯಿತು. ಲ್ಯಾಬಿನವರು ಗಾಜನ್ನೆಲ್ಲ ಕ್ರಮವಾಗಿ ಡಬ್ಬಿಯಲ್ಲಿ ಇಡಬೇಕು. ಅದರಿಂದ ಚೀಟಿ ಎತ್ತಿದಂತೆ ಕೆಲವನ್ನು ಆರಿಸುತ್ತಾರೆ. ಉತ್ತರ ಮುಚ್ಚಿಟ್ಟು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಇಬ್ಬರ ಉತ್ತರ ಬೇರೆಯಾದರೆ ಮೂರನೆಯವರು ತೀರ್ಮಾನ ಹೇಳುತ್ತಾರೆ. ಈ ಸರಪಳಿಯ ಮೇಲಿನ ಕೊಂಡಿಗಳಲ್ಲಿ ಬೆಂಗಳೂರಿನ ಅದೇ ಸಂಸ್ಥೆಯೂ ಒಂದು.

ಹಳ್ಳಿಯ ಬಡ ರೋಗಿಯ ಕಫಕ್ಕೆ ಇಷ್ಟೆಲ್ಲ ಕಾವಲಿದೆ. ಕಾಸು ಕೊಟ್ಟು ಮಾಡಿಸುವ ಶುಗರ್ ಪರೀಕ್ಷೆಗೆ? ಕರ್ನಾಟಕದಲ್ಲಿ ಖಾಸಗಿ ಲ್ಯಾಬುಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ ನೋಂದಾಯಿಸಿಕೊಳ್ಳಬೇಕು. ಗುಣಮಟ್ಟಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆ, ಆದರೆ ಅದನ್ನು ತೆಗೆದುಕೊಳ್ಳುವುದು ಲ್ಯಾಬಿನವರ ಇಷ್ಟ. ಮಾನ್ಯತೆ ಇಲ್ಲದೆಯೂ ಶ್ರದ್ಧೆಯಿಂದ ಕಂಟ್ರೋಲ್ ಹಾಕುವವರಿದ್ದಾರೆ, ನಾನೇ ನೋಡಿದ್ದೇನೆ. ಹೊರಗಿನಿಂದ ನೋಡಿದರೆ ಯಾರು ಹಾಗೆ ಮಾಡುತ್ತಾರೆ, ಯಾರು ಮಾಡುವುದಿಲ್ಲ ಎಂದು ತಿಳಿಯುವುದಿಲ್ಲ. ಎಲ್ಲರ ಚೀಟಿಯೂ ಒಂದೇ ಥರ ಅಚ್ಚಾಗಿರುತ್ತದೆ.

ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಎಷ್ಟೇ ಒಳ್ಳೆಯ ಕಂಟ್ರೋಲ್ ಹಾಕಿದರೂ ದೊಡ್ಡವ್ವನ ರಕ್ತಕ್ಕೆ ಆದದ್ದು ಅದರಲ್ಲಿ ಕಾಣುತ್ತಿರಲಿಲ್ಲ. ಕಂಟ್ರೋಲ್ ಲ್ಯಾಬಿನ ಫ್ರಿಜ್ಜಿನಿಂದ ಬರುತ್ತದೆ, ಬೈಕಿನಲ್ಲಿ ಊರು ಸುತ್ತಿ ಬರುವುದಿಲ್ಲ. ಇಟಲಿಯ ಪಡುವಾದ ಆಸ್ಪತ್ರೆಯಲ್ಲಿ ಪ್ಲೆಬಾನಿ ಮತ್ತು ಕರಾರೊ ಸುಮಾರು 40 ಸಾವಿರ ಪರೀಕ್ಷೆಗಳನ್ನು ಜಾಲಾಡಿ 189 ತಪ್ಪು ಹಿಡಿದು 1997ರಲ್ಲಿ ವರದಿ ಮಾಡಿದರು. ಯಂತ್ರದ ಮುಂದೆ ಆದ ತಪ್ಪು ನೂರಕ್ಕೆ 13ರಷ್ಟು ಮಾತ್ರ. 68ರಷ್ಟು ಆದದ್ದು ಅದಕ್ಕೂ ಮೊದಲೇ: ಹೆಸರು ಅದಲುಬದಲು, ಟ್ಯೂಬು ಬೇರೆ, ತೆಗೆದ ರೀತಿ ತಪ್ಪು. ಅದು ಒಂದೇ ಆಸ್ಪತ್ರೆಯೊಳಗಿನ ಲೆಕ್ಕ. ನಮ್ಮಲ್ಲಿ ವಾರ್ಡಿಗೂ ಲ್ಯಾಬಿಗೂ ನಡುವೆ ಮೈಲಿಗಟ್ಟಲೆ ದಾರಿಯಿದೆ.

ಆ ದಾರಿಯ ಮೇಲೆ ನಿಂತಿರುವವರು ಎರಡೇ ಜನ. ರಕ್ತ ಕೊಡುವವರು, ತೆಗೆದುಕೊಂಡು ಹೋಗುವವರು. ದೊಡ್ಡವ್ವನ ಮೊಮ್ಮಗಳು ಈಗ ಆ ಹುಡುಗ ಬಂದಾಗ ಮೂರು ಕೇಳುತ್ತಾಳೆ. ಶುಗರಿಗೆ ಬೂದು ಮುಚ್ಚಳ ತಂದಿದ್ದೀಯಾ? ಹೆಸರು ಇಲ್ಲೇ ನಮ್ಮ ಮುಂದೆ ಬರೀತೀಯಾ? ಎಷ್ಟೊತ್ತಿಗೆ ಲ್ಯಾಬ್ ಮುಟ್ಟುತ್ತೆ? ಮೊದಲ ಸಲ ಅವನಿಗೆ ಸಿಟ್ಟು ಬಂದಿತ್ತಂತೆ. ಟ್ಯೂಬು ಕೊಟ್ಟು ಕಳಿಸುವವರು ಅವನಿಗೆ ಯಾವ ಬಣ್ಣ ಯಾತಕ್ಕೆ ಎಂದು ಹೇಳಿಯೇ ಇರಲಿಲ್ಲ. ಈಗ ನಮ್ಮ ಬೀದಿಗೆ ಮೊದಲು ಬರುವ ಬದಲು ಕೊನೆಗೆ ಬರುತ್ತಾನೆ, ಬೂದು ಮುಚ್ಚಳದ ಟ್ಯೂಬು ಐಸ್ ಪ್ಯಾಕಿನ ಡಬ್ಬಿಯಲ್ಲಿ ಇರುತ್ತದೆ. ಬರಿಹೊಟ್ಟೆಯಲ್ಲಿ ಒಂಬತ್ತರವರೆಗೆ ಕಾಯಬೇಕು ಅಂತ ದೊಡ್ಡವ್ವ ಗೊಣಗುತ್ತಾಳೆ. ಹೆಬ್ಬೆರಳ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು.