ಹೊಲಿಗೆಯಾಕೆಯ ಮಾತು

ದೊಡ್ಡಕರುಳಿನ ಕ್ಯಾನ್ಸರಿನ ಇತಿಹಾಸ ಓದುವಾಗಲೆಲ್ಲ ನಾನು ಒಬ್ಬ ಹೊಲಿಗೆಯಾಕೆಯ ಬಳಿ ನಿಲ್ಲುತ್ತೇನೆ. 1895ರಲ್ಲಿ ಅಮೆರಿಕದ ಆನ್ ಆರ್ಬರ್‌ನಲ್ಲಿ ಆಕೆ ರೋಗಶಾಸ್ತ್ರಜ್ಞ ಆಲ್ಡ್ರೆಡ್ ವಾರ್ಥಿನ್ ಅವರಿಗೆ, ತಾನು ಬೇಗ ಸಾಯುವೆನೆಂದು ಹೇಳಿದಳು. ಆಕೆಯ ಮನೆತನದಲ್ಲಿ ಹಲವರು ಕರುಳು, ಹೊಟ್ಟೆ, ಗರ್ಭಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಆಗ ಆಕೆ ಆರೋಗ್ಯವಾಗಿಯೇ ಇದ್ದಳು. ವಾರ್ಥಿನ್ ಆ ಮಾತನ್ನು ತಳ್ಳಿಹಾಕದೆ ವಂಶವೃಕ್ಷ ಬರೆದುಕೊಂಡರು, 1913ರಲ್ಲಿ ಪ್ರಕಟಿಸಿದರು. ಆಕೆ ಹೇಳಿದಂತೆಯೇ ಆಯಿತು: ಗರ್ಭಕೋಶದ ಕ್ಯಾನ್ಸರ್ ಆಕೆಯನ್ನು ಕೊಂಡೊಯ್ದಿತು.

ಕ್ಯಾನ್ಸರ್ ವಂಶದಲ್ಲಿ ಹರಿಯುತ್ತದೆಂದು ಆಗ ಒಪ್ಪಿದವರು ಕಡಿಮೆ. 1960ರ ದಶಕದಲ್ಲಿ ಹೆನ್ರಿ ಲಿಂಚ್ ಆ ಎಳೆಯನ್ನು ಮತ್ತೆ ಹಿಡಿದರು. 1993ರಲ್ಲಿ ಎಂಎಸ್‌ಎಚ್2 ಜೀನ್ ಪತ್ತೆಯಾಯಿತು. ಡಿಎನ್‌ಎ ನಕಲಾಗುವಾಗಿನ ತಪ್ಪು ತಿದ್ದುವುದು ಅದರ ಕೆಲಸ. ಅದು ಕೆಟ್ಟರೆ, ಅವೇ ಅಕ್ಷರಗಳು ಸಾಲಾಗಿ ಮರುಕಳಿಸುವ 'ಮೈಕ್ರೋಸ್ಯಾಟಲೈಟ್' ಜಾಗಗಳ ಉದ್ದ ಏರುಪೇರಾಗುತ್ತದೆ. ಆಕೆಯ ಮನೆತನದಲ್ಲಿ ಕೆಟ್ಟಿದ್ದುದೂ ಇದೇ ಜೀನ್ ಎಂದು ಮುಂದೆ ತಿಳಿಯಿತು.

ಬೆರಗಿನ ಸಂಗತಿಯೆಂದರೆ, ಗಡ್ಡೆಯಲ್ಲಿ ಈ ಏರುಪೇರಿದ್ದು ರೋಗ ದೂರ ಹರಡಿರದಿದ್ದರೆ, ಬದುಕುಳಿಯುವ ಸಾಧ್ಯತೆ ಹೆಚ್ಚು. ತಪ್ಪುಗಳೇ ತುಂಬಿದ ಜೀವಕೋಶವನ್ನು ದೇಹದ ರಕ್ಷಣಾಪಡೆ ಸುಲಭವಾಗಿ ಪತ್ತೆಹಚ್ಚುತ್ತದೆ. 2017ರಲ್ಲಿ ಅಮೆರಿಕದ ಎಫ್‌ಡಿಎ, ಗಡ್ಡೆ ಯಾವ ಅಂಗದ್ದೆಂದು ನೋಡದೆ, ಈ ಗುರುತಿನ ಆಧಾರದ ಮೇಲೆಯೇ ಪೆಂಬ್ರೊಲಿಜುಮಾಬ್ ಔಷಧಕ್ಕೆ ಅನುಮತಿ ಕೊಟ್ಟಿತು. ಸಾವಿನ ಮುನ್ಸೂಚನೆಯಾಗಿದ್ದುದು ಚಿಕಿತ್ಸೆಯ ದಾರಿಯಾಯಿತು.

ಮನೆಯ ಹಿರಿಯರು "ಇದು ನಮ್ಮ ವಂಶದಲ್ಲೇ ಇದೆ" ಎಂದರೆ ನಾನೀಗ ಮಾತು ಮರೆಸುವುದಿಲ್ಲ. ಯಾರಿಗೆ, ಯಾವ ವಯಸ್ಸಿಗೆ ಎಂದು ಕೇಳಿ ಬರೆದಿಡುತ್ತೇನೆ. ಆ ಹೊಲಿಗೆಯಾಕೆಯ ಬಳಿ ಇದ್ದದ್ದೂ ಅಷ್ಟೇ.